ಈ ಪುಟ ನೋಡಿದವರು

ಏಕಸಂಬಿಯ ಸಂತೆಪೇಟೆಯಲ್ಲಿ ನನ್ನದೊಂದು ಔಷಧದ ಅಂಗಡಿ ಇದೆ. ಮನುಷ್ಯರ ಔಷಧವಲ್ಲ, ಕುರಿ, ಆಡು, ಎಮ್ಮೆಗಳದು. ಹೆಸರು ಗಂಗಾರಾಮ. ಹತ್ತನೇ ಇಯತ್ತೆಯಲ್ಲಿ ಇಂಗ್ಲಿಷಿಗೆ ಮೂರು ಸಲ ಕೂತು ಮೂರೂ ಸಲ ಬಿದ್ದವನು ನಾನು. ಅಂಥವನು ಗಿರಾಕಿ ಇಲ್ಲದ ಮಧ್ಯಾಹ್ನಗಳಲ್ಲಿ ಕಂಪ್ಯೂಟರಿನ ಮುಂದೆ ಕೂತು, ವೀಡಿಯೊ ನೋಡಿ ನೋಡಿ, ಕುರಿಯವರಿಗೆಂದು ಅಂತರ್ಜಾಲದಲ್ಲಿ ಒಂದು ಚಾವಡಿ ಕಟ್ಟಿದೆ ಅಂದರೆ ನನ್ನ ಹೆಂಡತಿಯ ತವರಿನವರು ಈಗಲೂ ನಂಬುವುದಿಲ್ಲ. ಹನ್ನೆರಡು ವರ್ಷವಾಯಿತು. ಅದಕ್ಕೆ 'ಹಿಂಡು' ಎಂದು ಹೆಸರಿಟ್ಟಿದ್ದೆ.

ಕುರಿಗೆ ಕಾಲುಬೇನೆ ಬಂದರೆ ಅಲ್ಲಿ ಫೋಟೋ ಹಾಕುತ್ತಿದ್ದರು. ಯಾರ ಕಬ್ಬು ಕಟಾವಾಗಿ ಹೊಲ ಬಯಲಾಗಿದೆ, ಎಲ್ಲಿ ಮೇವಿದೆ ಎಂದು ಕೇಳುತ್ತಿದ್ದರು. ರಾಯಬಾಗ, ಅಥಣಿ, ಕಾಗವಾಡ ಕಡೆಯವರೆಲ್ಲ ಸೇರಿದರು. ಹೊಲದಲ್ಲಿ ಹಿಂಡು ನಿಲ್ಲಿಸಿಕೊಂಡು ಗೊಬ್ಬರ ಮಾಡಿಕೊಳ್ಳುವ ಕಬ್ಬು, ದ್ರಾಕ್ಷಿಯ ಧಣಿಗಳೂ ಬಂದರು. ಕೊಗನೊಳ್ಳಿಯ ಶಿವಾಜಿ ಅನ್ನುವವನಂತೂ ಮರಾಠಿಯನ್ನೇ ಕನ್ನಡ ಅಕ್ಷರದಲ್ಲಿ ಬರೆದು ಎಲ್ಲರನ್ನೂ ನಗಿಸುತ್ತಿದ್ದ.

ಖಾತೆ ತೆರೆಯಲು ಈ-ಮೇಲ್ ಬೇಕು. ಕಂಬಳಿ ಹೊತ್ತವರ ಹತ್ತಿರ ಅದೆಲ್ಲಿಂದ ಬರಬೇಕು? "ನಿಂದ ಹಾಕೋ ಗಂಗಣ್ಣ, ನಿಂದೇನು ನಮ್ದೇನು" ಅಂದರು. ಹಾಕಿದೆ. ಮುನ್ನೂರಾ ಹನ್ನೆರಡು ಮಂದಿಗೆ ನನ್ನದೊಂದೇ ಈ-ಮೇಲ್. ಪಾಸ್‌ವರ್ಡೂ ಎಲ್ಲರಿಗೂ ಒಂದೇ ಇಟ್ಟುಕೊಟ್ಟೆ. ಹೊಲಗಳ ನಡುವಿನ ನಾಲ್ಕಾರು ಮನೆಗಳ ವಸ್ತಿಯಲ್ಲಿ, ಕೆಲಸಕ್ಕೆ ಹೋಗುವಾಗ ಬೀಗದ ಕೈಯನ್ನು ಪಕ್ಕದ ಮನೆಯಲ್ಲಿ ಕೊಟ್ಟು ಹೋಗುವ ಮಂದಿ ನಾವು. ಅದರಲ್ಲಿ ತಪ್ಪೇನೆಂದು ನಮಗೆ ಅನ್ನಿಸಲೇ ಇಲ್ಲ. ಹಳೆಯ ಸಾಫ್ಟ್‌ವೇರೂ ಭೋಳೆ ಸ್ವಭಾವದ್ದು, ಏನೂ ಕೇಳಲಿಲ್ಲ.

ಅದರಲ್ಲಿ ಪ್ರತಿ ಪುಟದ ಕೆಳಗೆ ಸಣ್ಣ ಅಕ್ಷರದಲ್ಲಿ ಒಂದು ಸಾಲು ಬರುತ್ತಿತ್ತು. 'ಈ ಪುಟ ನೋಡಿದವರು' ಎಂದು ಬರೆದು ಮುಂದೆ ಹೆಸರುಗಳು. ಅದನ್ನು ಯಾರೂ ಕಣ್ಣೆತ್ತಿ ನೋಡುತ್ತಿರಲಿಲ್ಲ, ಕಾಳವ್ವನೊಬ್ಬಳನ್ನು ಬಿಟ್ಟು.

ಕಾಳವ್ವ ನಮ್ಮೂರ ಹೊರಗಿನ ವಸ್ತಿಯವಳು. ಗಂಡ ಬೀರದೇವ, ಮಾತು ಕಡಿಮೆ. ಅಂಗಡಿಗೆ ಬಂದರೆ ಖಾಲಿ ಬಾಟಲಿ ತೋರಿಸಿ ಹೊಸದು ಒಯ್ಯುತ್ತಿದ್ದನೇ ಹೊರತು ಔಷಧದ ಹೆಸರನ್ನೂ ಹೇಳುತ್ತಿರಲಿಲ್ಲ. ನಾಲ್ಕು ವರ್ಷದ ಹಿಂದೆ ಶಿರಗುಪ್ಪಿ ಕಡೆ ಹಿಂಡು ಹೊಡೆದುಕೊಂಡು ಹೋಗಿದ್ದ. ಅವನವು ಹದಿನೇಳು, ಕಾಳವ್ವನ ಅಣ್ಣ ಮಾಯಪ್ಪನವು ನಲವತ್ತೊಂದು. ಒಂದು ತೋಟದಲ್ಲಿ ಕತ್ತರಿಸಿ ಹಾಕಿದ ದ್ರಾಕ್ಷಿ ಬಳ್ಳಿ ಒಡ್ಡಿನ ಮೇಲೆ ಬಿದ್ದಿತ್ತು, ಕುರಿ ಬಾಯಿ ಹಾಕಿದವು. ಹಿಂದಿನ ದಿನವಷ್ಟೇ ಔಷಧ ಹೊಡೆದದ್ದನ್ನು ಯಾರೂ ಹೇಳಿರಲಿಲ್ಲ, ಅವನೂ ಕೇಳಿರಲಿಲ್ಲ. ಹೊತ್ತು ಮುಳುಗುವುದರೊಳಗೆ ಐವತ್ತೆಂಟೂ ಕಾಲು ಚಾಚಿದವು.

ಮಾಯಪ್ಪ ಬೈಯಲಿಲ್ಲ. "ಆತು ಬಿಡಪಾ" ಅಂದ, ಚಹಾ ಕುಡಿಸಿದ. ವಸ್ತಿಯಲ್ಲಿ ಒಬ್ಬರೂ ಒಂದು ಮಾತು ಆಡಲಿಲ್ಲ. ಬೈದಿದ್ದರೆ ಇರುತ್ತಿದ್ದನೋ ಏನೋ. ಮರುದಿನ ಬೆಳಿಗ್ಗೆ ಅವನ ಕಂಬಳಿ, ಕೋಲು ಗೋಡೆಗೆ ಇದ್ದವು, ಅವನಿರಲಿಲ್ಲ. ಫೋನು ಹತ್ತುತ್ತಿರಲಿಲ್ಲ. ಗಡಿಯಾಚೆ ಕಾಗಲದವರೆಗೂ ಹುಡುಕಿದರು.

ಎರಡು ತಿಂಗಳ ಮೇಲೆ ಸಂತೆಯ ದಿನ ಕಾಳವ್ವ ಅಂಗಡಿಗೆ ಬಂದಳು.

"ಗಂಗಣ್ಣಾ, ನಿಮ್ಮ ಹಿಂಡಿನ್ಯಾಗ ನಮ್ಮವರ ಹೆಸರೂ ಐತಂತಲ್ರಿ?"

"ಐತಿ ಕಾಳವ್ವಾ. ಆದ್ರ ಅಂವ ಒಂದ ದಿನಾನೂ ಒಂದಕ್ಷರಾ ಬರದಿಲ್ಲ."

"ಮನ್ಯಾಗರ ಎಲ್ಲಿ ಮಾತಾಡ್ತಿದ್ರು? ನಾ ಹೇಳ್ತೀನಿ, ನೀವು ಬರೀರಿ. ಮಗಳ ಕಡಿಂದ ಬರಸಿದ್ರ ಆಕಿ ಮುಂದ ಏನ ಹೇಳಾಕ ಬರ್ತೈತ್ರಿ?"

ಅವಳ ಹೆಸರಿನಲ್ಲೊಂದು ಖಾತೆ ತೆರೆದು ಅವಳು ಹೇಳಿದಂತೆಯೇ ಬರೆದೆ, ಒಂದು ಮಾತೂ ತಿದ್ದಲಿಲ್ಲ. 'ಅಣ್ಣಗ ಸಿಟ್ಟಿಲ್ಲ. ಕಂಬಳಿ ಬಿಟ್ಟು ಹೋಗೀರಿ, ಥಂಡಿ ಐತಿ.' ಇಷ್ಟೇ. ಮುಂದಿನ ಸಂತೆಗೆ ಪುಟ ತೆರೆದರೆ ಕೆಳಗಿನ ಸಾಲಿನಲ್ಲಿ ನಾಲ್ಕು ಹೆಸರು. ಮೂರನೆಯದು ಬೀರದೇವ.

ಕಾಳವ್ವನಿಗೆ ಓದು ಬರುವುದಿಲ್ಲ. ಗಂಡನ ಹೆಸರನ್ನು ಬಾಯಿಂದ ಹೇಳುವುದೂ ಇಲ್ಲ. ನಾನು ತೆರೆಯ ಮೇಲೆ ಬೆರಳಿಟ್ಟು ತೋರಿಸಿದೆ. ಆ ನಾಲ್ಕು ಅಕ್ಷರವನ್ನು ಅವಳು ಬಹಳ ಹೊತ್ತು ನೋಡಿದಳು. ಅಲ್ಲಿಂದ ಮುಂದೆ ನಾನು ತೋರಿಸಬೇಕಾಗಲಿಲ್ಲ. ಬಾಯಿಗೆ ಬಾರದ ಹೆಸರನ್ನು ಕಣ್ಣಿನಿಂದ ಓದಲು ಕಲಿತಳು, ಅದೊಂದನ್ನೇ. ಸಂತೆಯಿಂದ ಸಂತೆಗೆ ಬಂದು ಕೂತು, ಮೊದಲು ಹಿಂದಿನ ವಾರದ ಪುಟದ ತಳ ನೋಡುತ್ತಿದ್ದಳು. "ಓದ್ಯಾರ" ಅನ್ನುತ್ತಿದ್ದಳು. ಆಮೇಲೆ ಹೊಸದು ಹೇಳುತ್ತಿದ್ದಳು. ಆಡು ಎರಡು ಮರಿ ಹಾಕಿತು, ಮಗಳು ಮಾಯಾ ಹತ್ತನೇತ್ತಾ ಪಾಸಾದಳು, ಬಾವಿಯ ಮೋಟಾರು ಸುಟ್ಟಿತು. ನಾಲ್ಕು ವರ್ಷ. ಅವನಿಂದ ಒಂದು ಮಾತು ಬರಲಿಲ್ಲ, ಹೆಸರು ಮಾತ್ರ ಒಂದು ವಾರವೂ ತಪ್ಪಲಿಲ್ಲ. ಎಷ್ಟೋ ಮನೆಗಳಲ್ಲಿ ಗಂಡ ಹೆಂಡಿರ ನಡುವೆ ಇದಕ್ಕಿಂತ ಹೆಚ್ಚಿನ ಸಂಸಾರ ಇರುವುದಿಲ್ಲ ನೋಡ್ರಿ.

ಈ ವರ್ಷ ಹೋಳಿ ಕಳೆದ ಮೇಲೆ, ನಮ್ಮ 'ಹಿಂಡು' ಚಾವಡಿಯನ್ನು ಇಟ್ಟಿದ್ದ ಕಂಪನಿಯಿಂದ ಪತ್ರ ಬಂತು. ಹಳೆಯ ಸಾಫ್ಟ್‌ವೇರು ಇನ್ನು ನಡೆಯುವುದಿಲ್ಲ, ತಿಂಗಳೊಳಗೆ ಹೊಸದಕ್ಕೆ ಹೋಗಿರಿ, ಹಳೆಯದನ್ನು ಅಳಿಸುತ್ತೇವೆ. ನಾನು ಒಂದು ರವಿವಾರ ಅಂಗಡಿ ಮುಚ್ಚಿಕೊಂಡು ಕೂತೆ. ಎಲ್ಲ ನೀಟಾಗಿ ನಡೆಯಿತು. ಕೊನೆಗೆ ಯಂತ್ರ ಒಂದು ಪ್ರಶ್ನೆ ಕೇಳಿತು: ಒಂದೇ ಈ-ಮೇಲ್ ಇರುವ ಖಾತೆಗಳನ್ನು ಕೂಡಿಸಲೇ? ಕೂಡಿಸುವುದು ಒಳ್ಳೆಯ ಕೆಲಸವಲ್ಲೇನ್ರಿ? ಹೂಂ ಎಂದು ಒತ್ತಿದೆ.

ಮರುದಿನ ಬೆಳಿಗ್ಗೆ ಶಿರಗುಪ್ಪಿಯ ವಿರುಪಾಕ್ಷಪ್ಪನವರ ಫೋನು. ಕಬ್ಬು, ದ್ರಾಕ್ಷಿ ಎರಡೂ ಇರುವ ಹಿರಿಯರು, ದನಿ ದೊಡ್ಡದು.

"ಏ ಗಂಗಾರಾಮಾ, ಏನ ಮಾಡಿ ಇಟ್ಟೀಯೋ? ಹೊಸಾ ಖಾತೆ ತಗದು ಒಳಗ ಬಂದು ನೋಡಿದ್ರ, ನಾ ಆ ಅಥಣಿ ಸಿದ್ದಲಿಂಗಗ ಬೈದದ್ದೆಲ್ಲಾ ನೀ ಬೈದಂಗ ಕಾಣತೈತಿ!"

"ಏನಂತೀರಿ ಧಣಿ?"

"ಅಂವ ತಿರುಗಿ ಬೈದದ್ದೂ ನಿನ್ನ ಹೆಸರಿನ್ಯಾಗ ಐತಿ. ನಿನಗ ನೀನ ಕತ್ತೆ ಅಂತ ಅಂದಕೊಂಡಿ ನೋಡು. ನನ್ನ ಬೈಗಳಾ ನನಗ ಕೊಡಲೇ!"

ತೆರೆದು ನೋಡಿದೆ. ಮುನ್ನೂರಾ ಹನ್ನೆರಡು ಮಂದಿಯೂ ನಾನೇ ಆಗಿದ್ದೆ. ಎಲ್ಲರ ಮಾತಿನ ಮೇಲೂ ಗಂಗಾರಾಮ, ಗಂಗಾರಾಮ, ಗಂಗಾರಾಮ. ನನ್ನ ಹೆಸರಿನ ಪಕ್ಕ ಒಂದು ಬಂಗಾರದ ಬಿಲ್ಲೆ: 'ಮಹಾ ಮಾತುಗಾರ'. ಅತ್ತ ಹನ್ನೆರಡು ವರ್ಷ ಬರೆದ ಸಿದ್ದಲಿಂಗ ಹೊಸದಾಗಿ ಖಾತೆ ತೆರೆದರೆ, 'ಹೊಸಬರಿಗೆ ಸ್ವಾಗತ, ಮೊದಲು ನಿಯಮ ಓದಿ' ಅಂದಿತಂತೆ. ಎಲ್ಲೆಲ್ಲೂ ಕೆಂಪು ಹೃದಯ. ಯಾರದೋ ಕುರಿ ಸತ್ತ ಸುದ್ದಿಗೆ ಶಿವಾಜಿ ಗೊತ್ತಿಲ್ಲದೆ ಹೃದಯ ಒತ್ತಿ, ಅವರ ಮನೆಯವರು ಅವನೊಡನೆ ಮಾತು ಬಿಟ್ಟರು.

ನಿಪ್ಪಾಣಿಯ ಕಾಲೇಜಿನಲ್ಲಿ ಕಂಪ್ಯೂಟರ್ ಕಲಿಸುವ ದೀಪಾಲಿ ವಿರುಪಾಕ್ಷಪ್ಪನವರ ಸೊಸೆ. ಅವಳಿಗೆ ಫೋನು ಮಾಡಿದೆ.

"ಕಾಕಾ, ಕೂಡಿಸಿದ್ದನ್ನ ಬಿಡಿಸಾಕ ಬರೂದಿಲ್ರಿ. ಹಾಲಿನ್ಯಾಗ ಹಾಲು ಹೊಯ್ದಂಗ ಅದು. ಹಳೇದನ್ನ ಅವರು ಅಳಿಸಿ ಬಿಟ್ಟಾರೇನು, ಕೇಳ್ರಿ."

ಕೇಳಿದೆ. ನಾನೇ 'ಕೆಲಸ ಮುಗಿಯಿತು' ಎಂದು ಒತ್ತಿದ್ದೆನಲ್ಲ, ಆ ಕ್ಷಣವೇ ಅಳಿಸಿದ್ದರು.

ಹೋಗಲಿ, ಕೈಯಿಂದಲೇ ಬಿಡಿಸುತ್ತೇನೆ ಎಂದು ಕೂತೆ. ನನಗೆ ಮಂದಿಯ ಮಾತು ಅಂದರೆ ಪ್ರಾಣ. 'ಹೌದಲ್ಲೋ ಮತ್ತ' ಎಂದು ಮುಗಿಸುವವನು ರಾಯಬಾಗದ ಮಾಳೇಶ. ಪ್ರತಿ ಸಾಲಿಗೂ ದೇವರ ಹೆಸರು ಹಾಕುವವಳು ತಾರಾಬಾಯಿ. ಹಸಿ ಮೆಣಸಿನಕಾಯಿ ಕಡಿದಂತೆ ಬರೆದರೆ ವಿರುಪಾಕ್ಷಪ್ಪನವರು. ಹೊಸ ಖಾತೆ ಮಾಡಿ, ಒಂದೊಂದು ಮಾತನ್ನೂ ಅದರದರ ಒಡೆಯನಿಗೆ ಒಪ್ಪಿಸುತ್ತ ಹೋದೆ. ಸಂತೆಯ ಹಿಂದಿನ ದಿನದ ಹೊತ್ತಿಗೆ ನೂರು ಮಂದಿ ಬಿಡುಗಡೆಯಾಗಿದ್ದರು. ಆಗ ನೆನಪಾಯಿತು ನನಗೆ. ಬರೆದವರನ್ನು ಮಾತಿನಿಂದ ಹಿಡಿದೆ, ಸರಿ. ಏನೂ ಬರೆಯದವನನ್ನು ಯಾವುದರಿಂದ ಹಿಡಿಯಲಿ? ಪುಟದ ತಳಕ್ಕೆ ಹೋದೆ. ಆ ಸಾಲೇ ಇರಲಿಲ್ಲ. ಹೊಸ ಸಾಫ್ಟ್‌ವೇರಿನಲ್ಲಿ 'ಈ ಪುಟ ನೋಡಿದವರು' ಎಂಬ ಪದ್ಧತಿಯೇ ಇಲ್ಲ. ಹಳೆಯ ಹೆಸರುಗಳನ್ನು ಅದು ತಂದೂ ಇರಲಿಲ್ಲ.

ಮರುದಿನ ಕಾಳವ್ವ ಬಂದಳು. ಸೆರಗಿನಿಂದ ಮುಖ ಒರೆಸಿಕೊಂಡು ಸ್ಟೂಲಿನ ಮೇಲೆ ಕೂತು, ರೂಢಿಯಂತೆ ತೆರೆಯ ತಳ ನೋಡಿದಳು. ಅಲ್ಲಿ ಹೃದಯವಿತ್ತು, ಗಂಟೆಯ ಚಿತ್ರವಿತ್ತು.

"ಎಲ್ಲಿ ಅಣ್ಣಾ?"

ಹೇಳಿದೆ. ಎಷ್ಟು ಸುಲಭ ಮಾಡಿ ಹೇಳಬಹುದೋ ಅಷ್ಟು ಮಾಡಿ ಹೇಳಿದೆ. ಕಡೆಗೆ ಕೇಳಿದಳು:

"ನಾ ಹೇಳಿ ಬರಸಿದ್ದು ಎಲ್ಲಾ?"

"ಐತಿ ನಮ್ಮವ್ವಾ, ಒಂದಕ್ಷರಾ ಹೋಗಿಲ್ಲ. ಮ್ಯಾಲ ನನ್ನ ಹೆಸರು ಬಿದ್ದಿತ್ತು, ತಗದು ನಿಂದ ಹಾಕ್ತೀನಿ."

"ನಿಮ್ಮ ಹೆಸರು?" ಅವಳು ನನ್ನ ಮುಖ ನೋಡಿದಳು. "ಕಂಬಳಿ ಒಗದ ಇಟ್ಟೀನಿ ಅಂದದ್ದು, ಹಬ್ಬಕ್ಕ ಬರ್ರಿ ಅಂದದ್ದು, ಅದರ ಮ್ಯಾಲೂ ನಿಮ್ಮ ಹೆಸರು?"

ಹೌದೆಂದು ತಲೆಯಾಡಿಸಿದೆ.

"ಈಗ ಅವರು ಅಲ್ಲಿಂದ ತಗದ್ರಂದ್ರ ಏನ ಕಾಣತೈತ್ರಿ?"

ಅದನ್ನು ನಾನು ಅಲ್ಲಿಯವರೆಗೆ ಯೋಚಿಸಿಯೇ ಇರಲಿಲ್ಲ. ಯಾರಾದರೂ ಇಲ್ಲದ ಖಾತೆಯ ಹೆಸರು ಹಾಕಿ ಒಳಗೆ ಬರಲು ನೋಡಿದರೆ ಹೊಸ ಸಾಫ್ಟ್‌ವೇರು ಒಂದು ಪಟ್ಟಿಯಲ್ಲಿ ಬರೆದಿಡುತ್ತದೆ, ಕಳ್ಳರನ್ನು ಹಿಡಿಯಲು ಎಂದು ದೀಪಾಲಿ ಹೇಳಿದ್ದಳು. ಆ ಪಟ್ಟಿ ತೆರೆದೆ. ನೂರಾರು ಹೆಸರು, ಎಲ್ಲ ನಮ್ಮವರದೇ, ಬಾಗಿಲು ಬಡಿದು ಬಡಿದು ಸೋತವರು. ಬೆರಳಿನಿಂದ ಮೇಲೆ ಸರಿಸುತ್ತಾ ಹೋದೆ.

ಕಾಳವ್ವ ನನಗಿಂತ ಮೊದಲು ಕಂಡಳು. ಎದ್ದು ನಿಂತು ತೆರೆಯ ಮೇಲೆ ಬೆರಳಿಟ್ಟಳು. ಬೀರದೇವ. ಅದರ ಕೆಳಗೆ ಇನ್ನೊಮ್ಮೆ ಬೀರದೇವ. ಮತ್ತೊಮ್ಮೆ.

"ಅದಾರಲ್ರಿ! ಅಣ್ಣಾ, ಇಲ್ಲೇ ಅದಾರಲ್ರಿ ಅವರು!"

ಅಷ್ಟು ವರ್ಷದಲ್ಲಿ ಅವಳು ನಕ್ಕದ್ದನ್ನು ನಾನು ನೋಡಿದ್ದು ಅದೊಮ್ಮೆ.

ಸುಳ್ಳು ಹೇಳಬಹುದಿತ್ತು. ಹೌದವ್ವಾ, ಓದ್ಯಾನ ಅಂದಿದ್ದರೆ ಮುಗಿಯುತ್ತಿತ್ತು. ಬಾಯಿಗೂ ಬಂದಿತ್ತು. ಆದರೆ ನಾಲ್ಕು ವರ್ಷ ಅವಳ ಮಾತನ್ನು ತಿದ್ದದೆ ಬರೆದ ಕೈ ಅದು, ಬಾಯಿಯೂ ಇಲ್ಲದ್ದನ್ನು ಹೇಳಲು ಒಪ್ಪಲಿಲ್ಲ.

"ಇದು ಓದಿದವರ ಪಟ್ಟಿ ಅಲ್ಲ ಕಾಳವ್ವಾ. ಒಳಗ ಬರಾಕ ಆಗದವರ ಪಟ್ಟಿ. ಮಂಗಳವಾರ ಬಂದಾನ. ಮೂರು ಸಲ ನೋಡ್ಯಾನ. 'ಈ ಹೆಸರಿನ ಸದಸ್ಯರು ಯಾರೂ ಇಲ್ಲ' ಅಂತ ತೋರಿಸೇತಿ."

ಅವಳ ಬೆರಳು ಅಲ್ಲೇ ಇತ್ತು.

"ಹಂಗಂದ್ರ, ಹೆಸರು ತಗದ ಬಿಟ್ಟಾರ ಅಂತ ತಿಳಕೊಂಡಿರ್ತಾರ."

"ಯಂತ್ರ ಮಾಡಿದ್ದು ಅಂತ ತಿಳಕೋತಾನ ಬಿಡು."

"ಅವರು ಯಂತ್ರಕ್ಕ ಬೈಯೂ ಪೈಕಿ ಅಲ್ರಿ. ತಮ್ಮದ ತಪ್ಪ ಅಂತಾರ. ಕಡೀಕ ಮಾಯಪ್ಪಣ್ಣ ಸಿಟ್ಟ ತಗದ, ಹೆಂಡ್ತೀನೂ ಹೊರಗ ಹಾಕಿದ್ಲು ಅಂತಾರ." ಆಮೇಲೆ ಕೇಳಿದಳು, "ಹೊತ್ತೆಷ್ಟಾಗಿತ್ರಿ, ಅವರು ಬಂದಾಗ?"

"ಮಧ್ಯಾಹ್ನ ಒಂದೂವರಿ."

"ಕುರಿ ನೆಳ್ಳಿಗೆ ಕೂಡೂ ಹೊತ್ತು," ಅಂದಳು. "ಯಾರದರ ಕುರಿ ಕಾಯಾಕತ್ತಾರ."

ಮಂಗಳವಾರದ ನಂತರ ಪಟ್ಟಿಯಲ್ಲಿ ಆ ಹೆಸರಿಲ್ಲ. ದೀಪಾಲಿಗೆ ಕೇಳಿದೆ, ಎಲ್ಲಿಂದ ಬಂದಿದ್ದಾನೆಂದು ಹೇಳಲು ಬರುತ್ತದೇನು ಎಂದು. "ಮೊಬೈಲಿನಿಂದ, ಮಹಾರಾಷ್ಟ್ರದೊಳಗಿಂದ. ಅಷ್ಟರ ಮ್ಯಾಲೆ ತಿಳಿಯೂದಿಲ್ರಿ ಕಾಕಾ" ಅಂದಳು. ಮಹಾರಾಷ್ಟ್ರ ಏನು ಸಣ್ಣದೇನ್ರಿ?

ಆವತ್ತೇ ಬೀರದೇವನ ಖಾತೆಯನ್ನು ಮತ್ತೆ ಮಾಡಿದೆ, ಅದೇ ಹೆಸರು, ಅದೇ ಪಾಸ್‌ವರ್ಡ್. ಕಾಳವ್ವ ಹೇಳಿದಳು, ನಾನು ಬರೆದೆ: 'ಹೆಸರು ನಾ ತಗದಿಲ್ಲ. ಬಾಗಲಾ ತಗದೈತಿ.' ಅದನ್ನು ಎಲ್ಲ ಪುಟಕ್ಕಿಂತ ಮೇಲೆ ಕಾಣುವಂತೆ ಕೂಡಿಸಿದೆ, ಒಳಗೆ ಬಾರದವರಿಗೂ ಕಾಣುವಂತೆ. ಶಿವಾಜಿ ಅದನ್ನೇ ಮರಾಠಿಯಲ್ಲಿ ಬರೆದು ಕೊಲ್ಹಾಪುರ ಕಡೆಯ ಕುರಿಯವರಿಗೆ ಕಳಿಸಿದ. ವಿರುಪಾಕ್ಷಪ್ಪನವರು ಕೂಡ ಬೈಯದೆ ನಾಲ್ಕು ಕಡೆ ಫೋನು ಮಾಡಿದರು.

ಐದು ತಿಂಗಳಾಯಿತು. ಎರಡು ನೂರ ತೊಂಬತ್ತು ಮಂದಿಯ ಮಾತನ್ನು ಬೇರೆ ಬೇರೆ ಮಾಡಿ ಕೊಟ್ಟಿದ್ದೇನೆ. ಎಲ್ಲರಿಗೂ ಹೊಸದು ರೂಢಿಯಾಗಿದೆ. ವಿರುಪಾಕ್ಷಪ್ಪನವರು ಈಗ ಸಿದ್ದಲಿಂಗನಿಗೆ ಬೈದು ಕೊನೆಗೊಂದು ಹೃದಯ ಇಡುತ್ತಾರೆ. ಬೀರದೇವನ ಖಾತೆಯನ್ನು ದಿನಾ ತೆರೆದು ನೋಡುತ್ತೇನೆ. ಹೆಸರಿನ ಮುಂದೆ ಅದೇ ಮಾತು: 'ಈ ಸದಸ್ಯರು ಇನ್ನೂ ಒಳಗೆ ಬಂದಿಲ್ಲ.'

ಮೊದಲ ಎರಡು ತಿಂಗಳು ಕಾಳವ್ವ ಸಂತೆಯಿಂದ ಸಂತೆಗೆ ಬಂದಳು. ಕೂಡುತ್ತಿದ್ದಳು, ಕೇಳುತ್ತಿದ್ದಳು, ಹೋಗುತ್ತಿದ್ದಳು. ಹೊಸದೇನೂ ಬರೆಸಲಿಲ್ಲ. "ಕೇಳೂರಿಲ್ಲದ ಮಾತು ಆಡಿದ್ರ ಹುಚ್ಚಿ ಅಂತಾರ್ರಿ" ಅಂದಳು. ಆಮೇಲೆ ಬರುವುದು ಬಿಟ್ಟಳು.

ಮೊನ್ನೆ ಬಂದಿದ್ದಳು. ಮರಿಗಳ ಹೊಟ್ಟೆಹುಳಕ್ಕೆ ಔಷಧ ಬೇಕಾಗಿತ್ತು. ನಾನು ಕಂಪ್ಯೂಟರನ್ನು ಅವಳ ಕಡೆ ತಿರುಗಿಸಲು ಹೋದೆ.

"ಇರ್ಲಿ ಬಿಡಣ್ಣಾ," ಅಂದಳು. ಖಾಲಿ ಬಾಟಲಿಯನ್ನು ಕಟ್ಟೆಯ ಮೇಲಿಟ್ಟು, ಹೊಸದನ್ನು ತೆಗೆದುಕೊಂಡು ನಡೆದಳು.