ನಾಲ್ಕು ಪದದ ಉಸಿರು

“ಕೆಮ್ಮಬೇಡವೋ ಬೋಳಿಮಗನೇ! ಕ್ಯಾಮೆರಾ ಮುಂದೆ ಹಿಂಗೇ ಕ್ಯಾಕರಿಸಿದ್ರೆ ಸಾಹೇಬ್ರ ಮುಖಕ್ಕೆ ಉಗಿದಂಗೆ ಆಗುತ್ತೆ. ಇನ್ನೊಂದ್ಸಲ ಹೇಳು.”

ಮಂತ್ರಿಗಳ ಪಿಎ ಕುರ್ಚಿಯನ್ನು ತಿರುಗಿಸಿ ಹಾಕಿಕೊಂಡು, ಅದರ ಬೆನ್ನಿಗೆ ಗದ್ದ ಊರಿ ಕೂತಿದ್ದ. ಎದುರಿಗೆ ಆಸ್ಪತ್ರೆಯ ಮಂಚದಿಂದ ಕಾಲು ಇಳಿಬಿಟ್ಟು ಕೂತವನನ್ನು ಜಲ್ಲಿ ಕ್ರಷರಿನಲ್ಲಿ ಎಲ್ಲರೂ ಸುತ್ತಿಗೆ ಎಂದು ಕರೆಯುತ್ತಿದ್ದರು. ಹದಿನೆಂಟು ವರ್ಷ ಬಂಡೆ ಒಡೆದವನು. ಈಗ ಅವನ ತೂಕ ಮೂವತ್ತೊಂಬತ್ತು ಕಿಲೋ. ಪಕ್ಕೆಲುಬು ಫೋಟೋದಲ್ಲಿ ಕಾಣಬಾರದೆಂದು ಹೊಸ ಬಿಳಿ ಅಂಗಿ ತೊಡಿಸಿ ಕುತ್ತಿಗೆಯವರೆಗೂ ಗುಂಡಿ ಹಾಕಿದ್ದರು.

“ನಂಗೆ ಕ್ಷಯರೋಗ ಬಂದಿತ್ತು,” ಎಂದ ಸುತ್ತಿಗೆ. ಅಲ್ಲಿಗೇ ಮಾತು ನಿಲ್ಲಿಸಿ ಹೆಗಲನ್ನು ಕಿವಿಯವರೆಗೆ ಎತ್ತಿ ಗಾಳಿ ಎಳೆದುಕೊಂಡ. “ಸಾಹೇಬ್ರ ದಯದಿಂದ ಸರ್ಕಾರಿ ಆಸ್ಪತ್ರೇಲಿ...” ಮತ್ತೆ ಕೆಮ್ಮು.

ಗೋಡೆಗೆ ಒರಗಿ ನಿಂತಿದ್ದ ಅವನ ಹೆಂಡತಿ ಎಣಿಸುತ್ತಿದ್ದಳು. ಒಂದು ಉಸಿರಿಗೆ ನಾಲ್ಕು ಪದ. ಹೋದ ತಿಂಗಳು ಆರು ಬರುತ್ತಿತ್ತು.

“ಸ್ವಾಮಿ, ಸ್ವಲ್ಪ ಚಿಕ್ಕದು ಮಾಡ್ಕೊಡಿ. ಅವನಿಗೆ ಒಂದೇ ಸಲಕ್ಕೆ ನಾಲ್ಕರ ಮೇಲೆ ಆಗಲ್ಲ.”

ಪಿಎ ಕಾಗದದ ಮೇಲೆ ಗೀಟು ಎಳೆದ. “ತಗೋ. ‘ನಂಗೆ ಕ್ಷಯ ಇತ್ತು. ಸಾಹೇಬ್ರು ವಾಸಿ ಮಾಡಿದ್ರು.’ ಮೂರು ಮೂರು ಪದ. ಇದಕ್ಕಿಂತ ಕಮ್ಮಿ ಮಾಡಿದ್ರೆ ಅದು ಭಾಷಣ ಅಲ್ಲಮ್ಮ, ಟೆಲಿಗ್ರಾಮು.” ಮೂಲೆಯತ್ತ ಪೆನ್ನು ತೋರಿಸಿದ. “ಇಷ್ಟು ಒದರಿದ್ರೆ ಅದು ಇವತ್ತೇ ನಿಮ್ಮನೆಗೆ. ಒದರಲಿಲ್ಲವೋ, ಈ ಮಂಚಕ್ಕೂ ಬೇರೆ ಜನ ಕಾಯ್ತಾ ಇದ್ದಾರೆ.”

ಮೂಲೆಯಲ್ಲಿ ಮೊಣಕಾಲೆತ್ತರದ ಆಕ್ಸಿಜನ್ ಯಂತ್ರವಿತ್ತು. ಪ್ಲಾಸ್ಟಿಕ್ ಹೊದಿಕೆ ಇನ್ನೂ ತೆಗೆದಿರಲಿಲ್ಲ. ಮೇಲೆ ಕೆಂಪು ರಿಬ್ಬನ್ ಕಟ್ಟಿದ್ದರು. ಇವತ್ತಿನ ಕಾರ್ಯಕ್ರಮದ ವೇದಿಕೆಯ ಮೇಲೆ ಮಂತ್ರಿಗಳು ಅದನ್ನು ಕತ್ತರಿಸಬೇಕು. ಹೆಂಡತಿ ಬೆಳಗಿನಿಂದ ನಾಲ್ಕು ಸಲ ಅದರ ಹತ್ತಿರ ಹೋಗಿ ಬಂದಿದ್ದಳು. ಮನೆಯಲ್ಲಿ ಪ್ಲಗ್ಗು ಇರುವುದು ಒಲೆಯ ಪಕ್ಕ. ಮಂಚವನ್ನು ಅಲ್ಲಿಗೆ ಎಳೆಯಬೇಕು, ಒಲೆಯನ್ನು ಹೊರಗೆ ಹಾಕಬೇಕು ಎಂದು ಲೆಕ್ಕ ಹಾಕಿಟ್ಟಿದ್ದಳು.

ಪಿಎ ಹೊರಗೆ ಹೋದ ಮೇಲೆ ಸುತ್ತಿಗೆ ಎಂದ: “ಕ್ಷಯ ಅಂದ್ರೆ... ಧೂಳಿಂದಲ್ಲ ಅಂತ.”

“ಅಂದ್ಬಿಡಯ್ಯ. ನಾಲಿಗೆ ಸವೆದು ಹೋಗುತ್ತಾ?”

“ತಮ್ಮ ಇನ್ನೂ... ಕ್ರಷರಲ್ಲೇ ಇದ್ದಾನೆ.”

“ತಮ್ಮನ ಎದೆ ತಮ್ಮಂದು. ನೀನು ಮೊದ್ಲು ಬದುಕು.”

ಅವನು ಕಣ್ಣು ಮುಚ್ಚಿಕೊಂಡ. ಉಸಿರು ಉಳಿಸಿಕೊಳ್ಳುವುದಕ್ಕೋ, ಬೇರೆ ಕಾರಣಕ್ಕೋ, ಅವಳಿಗೆ ಗೊತ್ತಾಗಲಿಲ್ಲ.

ಮಂತ್ರಿಗಳು ಮಂತ್ರಿಗಳಾಗುವ ಮೊದಲು ಕ್ರಷರಿನ ಎದುರಿಗೇ ಒಂದು ಕೋಣೆಯಲ್ಲಿ ಕೂತು ರೋಗಿಗಳನ್ನು ನೋಡುತ್ತಿದ್ದರು. ಜನ ಅವರನ್ನು ಡಾಕ್ಟ್ರಪ್ಪ ಎನ್ನುತ್ತಿದ್ದರು. ಮೇಜಿನ ಮೇಲಿನ ಧೂಳನ್ನು ದಿನಕ್ಕೆ ಮೂರು ಸಲ ತಾವೇ ಒದ್ದೆ ಬಟ್ಟೆಯಲ್ಲಿ ಒರೆಸಿ, ಅದನ್ನು ಕೊಡವದೆ ಒಂದು ಸೀಸೆಗೆ ಹಿಂಡುತ್ತಿದ್ದರು. ವರ್ಷದ ಕೊನೆಗೆ ಆ ಸೀಸೆಯ ತಳದಲ್ಲಿ ಎರಡು ಬೆರಳು ದಪ್ಪ ಕಲ್ಲು ಕೂತಿತ್ತು. ಸುತ್ತಿಗೆಗೆ ಮೊದಲ ಸಲ ದಮ್ಮು ಬಂದಾಗ ಸ್ಟೆತಸ್ಕೋಪನ್ನು ತಮ್ಮ ಕಿವಿಯಿಂದ ತೆಗೆದು ಹೆಂಡತಿಯ ಕಿವಿಗೆ ಹಾಕಿದ್ದರು.

“ಕೇಳಮ್ಮ. ಏನು ಕೇಳುತ್ತೆ?”

“ಜಲ್ಲಿ ಮೇಲೆ ಯಾರೋ ನಡೆದಂಗೆ ಕೇಳುತ್ತೆ, ಡಾಕ್ಟ್ರಪ್ಪ.”

“ಇದು ಕ್ರಿಮಿ ಅಲ್ಲ. ಕ್ರಷರ್ ಧಣಿ ತುಂಬಿದ ಕಲ್ಲು. ನಾಳೆ ಗೇಟಿನ ಮುಂದೆ ಎಲ್ಲರಿಗೂ ಕೇಳಿಸ್ತೀನಿ, ಬನ್ನಿ.”

ಮರುದಿನ ಕ್ರಷರಿನ ಗೇಟಿನ ಮುಂದೆ ಸಾಲು ನಿಂತಿತು. ಗಂಡನ ಎದೆಯನ್ನು ಹೆಂಡತಿ, ಅಪ್ಪನ ಎದೆಯನ್ನು ಮಗಳು ಕೇಳಿದರು. ಹತ್ತೊಂಬತ್ತು ದಿನ ಕ್ರಷರು ನಿಂತಿತು. ಧೂಳು ಏಳದಂತೆ ಕಲ್ಲಿನ ಮೇಲೆ ನೀರು ಚಿಮುಕಿಸುವ ಪೈಪು ಹಾಕಿಸಲು ಧಣಿ ಒಪ್ಪಿದ. ಅವತ್ತು ಡಾಕ್ಟ್ರಪ್ಪನನ್ನು ಹೆಗಲ ಮೇಲೆ ಹೊತ್ತು ಕುಣಿದವನು ಸುತ್ತಿಗೆಯೇ.

ಆಮೇಲೆ ಚುನಾವಣೆ ಬಂತು. ಪೋಸ್ಟರಿನ ತುಂಬ ಸ್ಟೆತಸ್ಕೋಪು. ಗೆದ್ದ ವರ್ಷ ಡಾಕ್ಟ್ರಪ್ಪ ಪೈಪು ನೋಡಲು ಎರಡು ಸಲ ಬಂದರು. ಎರಡನೆಯ ಚುನಾವಣೆಗೆ ಧಣಿಯ ಜೀಪಿನಲ್ಲಿ ಬಂದರು. ಧಣಿಯೂ ಜೊತೆಗಿದ್ದುದರಿಂದ ಯಾರೂ ಪೈಪಿನ ಮಾತು ಎತ್ತಲಿಲ್ಲ. ಅದು ಆಗಲೇ ತುಕ್ಕು ಹಿಡಿದು ಒಡೆದಿತ್ತು. ಮಂತ್ರಿಯಾದ ಮೇಲೆ ತಜ್ಞರ ಒಂದು ಬೋರ್ಡು ಮಾಡಿದರು. ಆ ಬೋರ್ಡು ದಮ್ಮು ಹಿಡಿದ ಕ್ರಷರಿನ ನಲವತ್ತೊಂದು ಮಂದಿಯನ್ನು ಒಂದು ಮಧ್ಯಾಹ್ನದಲ್ಲಿ ಪರೀಕ್ಷಿಸಿ, ನಲವತ್ತೊಂದೂ ಕ್ಷಯ ಎಂದು ಬರೆಯಿತು. ಕ್ಷಯವಾದರೆ ಅದು ಅವರವರ ಮನೆಯಿಂದ, ಕುಡಿತದಿಂದ, ಕೊಳಕಿನಿಂದ ಬಂದದ್ದು, ಕ್ರಷರಿಗೆ ಸಂಬಂಧವಿಲ್ಲ. ಸ್ಟೆತಸ್ಕೋಪು ಮಾತ್ರ ಈಗಲೂ ಮಂತ್ರಿಗಳ ಕೊರಳಲ್ಲೇ ಇರುತ್ತದೆ. ಭಾಷಣ ಮಾಡುವಾಗಲೂ.

ಬಾಗಿಲಲ್ಲಿ ಗದ್ದಲವಾಯಿತು. ಕಾರ್ಯಕ್ರಮಕ್ಕೆ ಮುಂಚೆ ಮಂತ್ರಿಗಳೇ ವಾರ್ಡಿಗೆ ಬಂದರು.

“ಏನಯ್ಯ ಸುತ್ತಿಗೆ! ಹೇಗಿದ್ದೀಯ?”

ಅವನ ಹಿಂದೆ ನಿಂತು ಬೆನ್ನು ತಟ್ಟಿದರು. ತಟ್ಟುತ್ತಿದ್ದಂತೆ ಕೈ ತಾನಾಗಿಯೇ ಹಳೆಯ ಕೈಯಾಯಿತು: ಎಡಗೈಯ ಬೆರಳನ್ನು ಬೆನ್ನಿನ ಮೇಲೆ ಮಲಗಿಸಿ ಬಲಗೈಯ ನಡುಬೆರಳಿಂದ ಎರಡು ಸಲ ಬಡಿದರು. ಒಂದಂಗುಲ ಕೆಳಗೆ ಮತ್ತೆ ಎರಡು ಸಲ. ಗಾಳಿ ಇರಬೇಕಾದ ಕಡೆ ಮರದ ಹಲಗೆಗೆ ಬಡಿದಂಥ ಸದ್ದು. ಬೆರಳು ಅಲ್ಲೇ ನಿಂತಿತು. ಮಂತ್ರಿಗಳು ತಲೆ ಎತ್ತಿದಾಗ ಹೆಂಡತಿ ನೇರ ಅವರ ಕಣ್ಣನ್ನೇ ನೋಡುತ್ತಿದ್ದಳು.

“ಕ್ಷಯಾನಾ, ಡಾಕ್ಟ್ರಪ್ಪ?”

“ಬೋರ್ಡಿನವರು ಬರೆದಿದ್ದಾರಲ್ಲಮ್ಮ.”

“ಬೋರ್ಡಿನವರದು ನಾ ಕೇಳ್ತಿಲ್ಲ. ನಿಮ್ಮ ಬೆರಳು ಏನಂತು?”

ಪಿಎ “ಏಯ್” ಎಂದ. ಮಂತ್ರಿಗಳು ಕೈ ಎತ್ತಿ ಅವನನ್ನು ತಡೆದು, ಅವಳಿಗೆ ಮಾತ್ರ ಕೇಳುವಷ್ಟು ಮೆಲ್ಲಗೆ ಹೇಳಿದರು: “ಧೂಳು ಅಂತ ನಾನು ಬರೆದ ದಿನ ಕ್ರಷರು ಮುಚ್ಚುತ್ತೆ. ಇನ್ನೂರು ಮನೆ ಒಲೆ ಉರಿಯಲ್ಲ. ಆಗಲೂ ನೀವೇ ಬಂದು ನನ್ನನ್ನ ಬೈತೀರಿ. ಮಿಷನ್ ತಗೋ. ಸುಮ್ಮನಿರು.”

“ಆಗ್ಲಿ,” ಎಂದಳು ಅವಳು. ಅವಳಿಗೆ ಮಿಷನ್ ಬೇಕಿತ್ತು.

ಆಸ್ಪತ್ರೆಯ ಮುಂದಿನ ಮೈದಾನದಲ್ಲಿ ಶಾಮಿಯಾನ. ಮುಂದಿನ ಸಾಲಿನಲ್ಲಿ ಧಣಿ. ಹಿಂದೆ, ಬಿಸಿಲಲ್ಲಿ, ಪಾಳಿ ಬಿಡಿಸಿ ಲಾರಿಯಲ್ಲಿ ತಂದ ಕ್ರಷರಿನವರು. ಹುಬ್ಬು, ರೆಪ್ಪೆ ಎಲ್ಲ ಬೂದಿಬಣ್ಣ. ಅವರ ನಡುವೆ ಮೈದುನನೂ ಇದ್ದ. ಅತ್ತಿಗೆಯನ್ನು ಕಂಡು ಕೈ ಎತ್ತಿದ, ಎತ್ತಿದ ಕೈಯನ್ನೇ ಬಾಯಿಗೆ ಅಡ್ಡ ಹಿಡಿದು ಕೆಮ್ಮಿದ. ಒಣ ಕೆಮ್ಮು, ಚಿಕ್ಕದು. ಸುತ್ತಿಗೆಗೂ ಮೊದಲು ಹಾಗೆಯೇ ಶುರುವಾಗಿದ್ದು. ಅವಳಿಗೆ ಮೈದುನನ ವಯಸ್ಸು ನೆನಪಾಯಿತು. ಇಪ್ಪತ್ತಾರು.

ರಿಬ್ಬನ್ ಕತ್ತರಿಸಿದ್ದಾಯಿತು. ಚಪ್ಪಾಳೆಯಾಯಿತು. ಪಿಎ ವೈರಿನ ಮೈಕನ್ನು ಸುತ್ತಿಗೆಯ ಕೈಗಿಟ್ಟು, ನಗುತ್ತಲೇ ಕಿವಿಯಲ್ಲಿ ಹೇಳಿದ: “ಆರು ಪದ. ತಪ್ಪಿದ್ರೆ ಬೀದಿ ಹೆಣ ಆಗ್ತೀಯ.”

ಹೆಂಡತಿ ಅವನ ಮೊಣಕೈ ಹಿಡಿದುಕೊಂಡಿದ್ದಳು.

“ನಂಗೆ,” ಎಂದ ಸುತ್ತಿಗೆ.

ಅಲ್ಲಿಗೇ ನಿಲ್ಲಿಸಿ ಹಿಂದಿನ ಸಾಲನ್ನು ನೋಡಿದ. ಎಡಗೈಯಿಂದ ಅಂಗಿಯ ಮೇಲಿನ ಗುಂಡಿ ಬಿಚ್ಚಲು ಹೋದ; ಒಂದೇ ಕೈಗೆ ಗುಂಡಿ ಬಗ್ಗಲಿಲ್ಲ. ಹೆಂಡತಿಗೆ ಅವನು ಏನು ಮಾಡಹೊರಟಿದ್ದಾನೆಂದು ಆಗ ತಿಳಿಯಿತು. ಅವಳು ಒಮ್ಮೆ ಯಂತ್ರದ ಕಡೆ ನೋಡಿದಳು. ಆಮೇಲೆ ಮೊಣಕೈ ಬಿಟ್ಟು, ಒಂದೊಂದಾಗಿ ಎಲ್ಲ ಗುಂಡಿಗಳನ್ನೂ ತಾನೇ ಬಿಚ್ಚಿದಳು.

ಸುತ್ತಿಗೆ ಮೈಕನ್ನು ಎದೆಗೆ ಒತ್ತಿಕೊಂಡ.

ಮೊದಲು ಚರ್ಮ ಉಜ್ಜಿದ ಸದ್ದು. ಆಮೇಲೆ ಗುಂಡಿಗೆಯ ಬಡಿತ, ದಡದಡ, ತುಂಬ ಜೋರಾಗಿ. ಆಮೇಲೆ ಅವನು ಬಾಯಿ ತೆರೆದು ಗಾಳಿ ಎಳೆದ. ಆರು ಸ್ಪೀಕರುಗಳಲ್ಲಿ, ಮೈದಾನದ ನಾಲ್ಕು ಮೂಲೆಗೂ, ಯಾರೋ ಜಲ್ಲಿಯ ಮೇಲೆ ನಡೆದರು. ಉಸಿರು ಬಿಟ್ಟ. ಜಲ್ಲಿ ಜಾರಿತು.

“ನಮ್ಮಪ್ಪಂದೂ ಹಿಂಗೇ ಕೇಳ್ತಿತ್ತು!” ಎಂದು ಹಿಂದಿನಿಂದ ಒಬ್ಬಳು ಕೂಗಿದಳು.

“ಆಫ್ ಮಾಡ್ರೋ! ವೈರ್ ಕೀಳ್ರೋ, ಸೂಳೆಮಕ್ಳಾ!” ಪಿಎ ಆಂಪ್ಲಿಫೈಯರಿನತ್ತ ನುಗ್ಗಿದ. ಹೆಂಡತಿ ಅವನಿಗಿಂತ ಮೊದಲು ಅಲ್ಲಿದ್ದಳು. ಪ್ಲಗ್ಗಿಗೆ ಬೆನ್ನು ಕೊಟ್ಟು, ಕಾಲು ಚಾಚಿ ಕೂತಳು.

“ಮುಟ್ಟು ನೋಡೋಣ,” ಎಂದಳು. “ಕ್ಯಾಮೆರಾ ಇದೆ. ಮುಟ್ಟು.”

ಧಣಿ ಎದ್ದು ಕಾರಿನ ಕಡೆ ನಡೆದ. ಇಬ್ಬರು ಆಳುಗಳು ಯಂತ್ರವನ್ನು, ಕತ್ತರಿಸಿದ ರಿಬ್ಬನ್ ಜೋಲಾಡುತ್ತಿದ್ದಂತೆಯೇ, ಎತ್ತಿಕೊಂಡು ಮೆಟ್ಟಿಲಿಳಿದರು. ಅವಳು ನೋಡಿದಳು. ಏಳಲಿಲ್ಲ.

ಮಂತ್ರಿಗಳು ಕುರ್ಚಿಯಲ್ಲೇ ಇದ್ದರು. ತಲೆ ಒಂದು ಕಡೆ ಓರೆಯಾಗಿತ್ತು, ಕಣ್ಣು ಅರ್ಧ ಮುಚ್ಚಿತ್ತು, ಎಡಗೈಯ ಗಡಿಯಾರ ಮೇಲಕ್ಕೆ ತಿರುಗಿತ್ತು. ತುಟಿ ಉಸಿರು ಎಣಿಸುತ್ತಿತ್ತು: ಮೂವತ್ತಾರು, ಮೂವತ್ತೇಳು.

ಸುತ್ತಿಗೆ ಮಂಡಿ ಊರಿದ. ಮೈಕು ಎದೆಯಿಂದ ಕದಲಲಿಲ್ಲ. ಜಲ್ಲಿಯ ಮೇಲಿನ ಹೆಜ್ಜೆ ಒಂದು ಸಲ ಕೇಳಿತು. ಮತ್ತೊಂದು ಸಲ ಕೇಳಿತು. ಸ್ಪೀಕರುಗಳಲ್ಲಿ ಈಗ ಗುಂಡಿಗೆಯೊಂದೇ ಬಡಿಯುತ್ತಿತ್ತು. ಇಡೀ ಮೈದಾನ, ತನ್ನ ಉಸಿರು ಹಿಡಿದುಕೊಂಡು, ಮುಂದಿನ ಹೆಜ್ಜೆಗೆ ಕಿವಿಗೊಟ್ಟು ನಿಂತಿತ್ತು.