ಮೇಲಿನ ಗಾಳಿ ನಿಂತ ಸಂಜೆ

ಒಂದು ಬಲೂನಿಗೆ ಅರ್ಧ ತಿಂಗಳ ಹಾಲಿನ ದುಡ್ಡು, ತುಂಬುವ ಅನಿಲಕ್ಕೆ ಅಷ್ಟೇ, ಕೆಳಗೆ ಕಟ್ಟುವ ಅಳತೆಯ ಡಬ್ಬಿಗೆ ಒಂದು ಜೊತೆ ಗಟ್ಟಿ ಚಪ್ಪಲಿಯ ಬೆಲೆ. ಇಷ್ಟನ್ನೂ ಅಕ್ಕ ಹವಾಮಾನ ಕಚೇರಿಯ ತಾರಸಿಯಿಂದ ಬೆಳಿಗ್ಗೆ ಸಂಜೆ ಆಕಾಶಕ್ಕೆ ಬಿಡುತ್ತಿದ್ದಳು. ಕೆಳಗೆ ಫ್ಯಾನಿನಡಿ ಕುಳಿತು ರೇಡಿಯೋದಲ್ಲಿ ಮುನ್ಸೂಚನೆ ಓದುವ ತಂಗಿಗೆ ಮಾತ್ರ ಬಿಟ್ಟಿ ಹೆಸರು.

"ನೀವು ರೇಡಿಯೋ ಮೇಡಮ್ಮಿನ ಮನೆಯವರಲ್ವಾ?" ಎಂದು ಮೀನಿನಂಗಡಿಯವನು ಕೇಳಿದಾಗಲೆಲ್ಲ ಅಕ್ಕನ ಹೊಟ್ಟೆಗೆ ಬೆಂಕಿ ಬೀಳುತ್ತಿತ್ತು. "ಅವಳ ಮೂಗು ಒರೆಸಿ ಬೆಳೆಸಿದವಳು," ಎಂದು ಮೀನನ್ನು ಚೀಲಕ್ಕೆ ತುರುಕಿಕೊಂಡು ಬರುತ್ತಿದ್ದಳು.

ಆ ವಾರ ದಂಡೆಯಾಚೆ, ಬೆಚ್ಚಗಿನ ಸಮುದ್ರದ ಮೇಲೆ ಮೋಡಗಳು ಠಿಕಾಣಿ ಹೂಡಿದ್ದವು. ಆವಿ ಮೇಲೇರುತ್ತಿತ್ತು, ತೆರವಾದ ಜಾಗಕ್ಕೆ ಸುತ್ತಲಿನ ಗಾಳಿ ನುಗ್ಗುತ್ತಿತ್ತು. ಭೂಮಧ್ಯರೇಖೆಯ ಪಕ್ಕದಲ್ಲೇ ಇದ್ದಿದ್ದರೆ ಅದು ನೇರ ನುಗ್ಗಿ ಸುಮ್ಮನಾಗುತ್ತಿತ್ತು. ಇಷ್ಟು ದೂರದಲ್ಲಿ ಭೂಮಿಯ ತಿರುಗುವಿಕೆ ಅದಕ್ಕೂ ಸುತ್ತು ಕಲಿಸಿತ್ತು. ಎತ್ತರದ ಬಿರುಗಾಳಿಯೊಂದೇ ಮೋಡದ ತಲೆಯನ್ನು ದಿನವೂ ಸವರಿ ಹಾಕಿ ಚಂಡಮಾರುತವಾಗದಂತೆ ತಡೆದಿತ್ತು.

"ಇದು ಠುಸ್ಸೇ ಅಕ್ಕಾ. ದೋಣಿ ಬಿಡಬಹುದು ಅಂತ ಓದಿಬಿಡ್ತೀನಿ," ಎಂದಳು ತಂಗಿ.

"ಓದಮ್ಮಾ, ನಿನ್ನ ಬಾಯಿಗೆ ಬಂದದ್ದೇ ಹವಾಮಾನ."

ಸಂಜೆಯ ಬಲೂನು ಅತ್ತಿತ್ತ ವಾಲದೆ ನೆಟ್ಟಗೆ ಏರಿತು. ಅಕ್ಕನಿಗೆ ಗೊತ್ತಾಗಿಹೋಯಿತು: ಮೇಲಿನ ಗಾಳಿ ನಿಂತಿತ್ತು. ಮೋಡದ ತಲೆ ಕಡಿಯುವವರು ಇನ್ನಿಲ್ಲ. ಅದು ಬೆಳೆದೇ ಬೆಳೆಯುತ್ತದೆ.

ಓದಲಿ, ಎಂದಿತು ಮನಸ್ಸು. ಒಂದೇ ಒಂದು ಸಲ ಊರು ಅವಳಿಗೆ ಛೀಮಾರಿ ಹಾಕಲಿ.

ಮೆಟ್ಟಿಲನ್ನು ನಿಧಾನವಾಗಿಯೇ ಇಳಿದಳು. ಸ್ಟುಡಿಯೋದ ಕೆಂಪು ದೀಪ ಹತ್ತಿತ್ತು. ಅದು ಹತ್ತಿದಾಗ ಬಾಗಿಲು ಮುಟ್ಟುವಂತಿಲ್ಲ. ಗಾಜಿನಾಚೆ ತಂಗಿ "ಮೀನುಗಾರರ ಗಮನಕ್ಕೆ" ಎಂದು ಶುರುಮಾಡಿದ್ದಳು. ಮೀನುಗಾರರು ಎಂಬ ಮಾತು ಕಿವಿಗೆ ಬಿದ್ದದ್ದೇ ಅಕ್ಕ ಬಾಗಿಲಿಗೆ ಧಾವಿಸಿದಳು. ಛೀಮಾರಿ ಹಾಕಲು ಅವರು ವಾಪಸ್ ಬರಬೇಕಲ್ಲ!

ಬಾಗಿಲು ತಳ್ಳಿ, ತಂಗಿಯನ್ನು ಬದಿಗೆ ಸರಿಸಿ, ಮೈಕಿಗೇ ಬಾಯಿಟ್ಟಳು: "ದೋಣಿ ಬಿಡಬೇಡಿ! ಮೇಲಿನ ಗಾಳಿ ನಿಂತುಹೋಗಿದೆ. ಚಂಡಮಾರುತ ಬರ್ತಿದೆ, ಯಾರೂ ಹೋಗಬೇಡಿ!"

ಮರುದಿನ ಸಮುದ್ರದಲ್ಲಿ ಚಂಡಮಾರುತ ಕಣ್ಣು ಬಿಟ್ಟಿತು. ಕಚೇರಿಯ ಫೋನು ಬಿಡುವಿಲ್ಲದೆ ಹೊಡೆದುಕೊಂಡಿತು. ಎಲ್ಲರೂ ಹೊಗಳಿದ್ದು ರೇಡಿಯೋ ಮೇಡಮ್ಮನ್ನೇ. ಅಕ್ಕತಂಗಿಯರಿಬ್ಬರದೂ ಅಮ್ಮನದೇ ಗಂಟಲು, ಕೇಳಿದವರಿಗೆ ವ್ಯತ್ಯಾಸ ತಿಳಿದಿರಲಿಲ್ಲ.

"ಅದು ನಾನಲ್ಲ, ನಮ್ಮಕ್ಕ," ಎಂದು ತಂಗಿ ಪ್ರತಿ ಫೋನಿಗೂ ಹೇಳಿದಳು. "ಎಷ್ಟು ವಿನಯ!" ಎಂದರು ಜನ.

ಒಂದು ದೋಣಿಯೂ ಹೋಗಿರಲಿಲ್ಲ, ಒಂದು ಜೀವವೂ ಹೋಗಲಿಲ್ಲ. ಹೆಸರು ತಂಗಿಗೆ ಬಂತು. ಬಾಗಿಲು ತೆರೆದದ್ದಕ್ಕೆ ಮೇಲಧಿಕಾರಿಯ ಬೈಗುಳ ಅಕ್ಕನಿಗೆ ಬಂತು.