ತಾಮ್ರದ ತೂಕ

ಸನತ್‌ನಗರದ ಇಂಡಸ್ಟ್ರಿಯಲ್ ಎಸ್ಟೇಟಿನಲ್ಲಿ ಮೋಟರ್ ವೈಂಡಿಂಗ್ ಅಂಗಡಿ ಇಟ್ಟಿದ್ದ ಕಾಶಿನಾಥನ ಪ್ರಕಾರ ಲೋಕದಲ್ಲಿ ಇರುವುದು ಎರಡೇ ಜಾತಿ: ತಾಮ್ರ ಮತ್ತು ಅಲ್ಯೂಮಿನಿಯಂ. ತಾಮ್ರದ ತಂತಿ ಸುತ್ತಿದ ಮೋಟರನ್ನು ಎತ್ತಿದರೆ ರಟ್ಟೆಗೇ ಗೊತ್ತಾಗುತ್ತದೆ. ಅಲ್ಯೂಮಿನಿಯಂ ಸುತ್ತಿ ತಾಮ್ರದ ಬೆಲೆ ಹೇಳುವವನ ಮೋಟರನ್ನು ಎತ್ತಿದರೂ ರಟ್ಟೆಗೇ ಗೊತ್ತಾಗುತ್ತದೆ. ಈ ವಿದ್ಯೆಯನ್ನು ಅವನು ಮಿಕ್ಸಿ, ಫ್ಯಾನು, ಕುಕ್ಕರು, ಬೀಗಗಳಿಗೂ ವಿಸ್ತರಿಸಿದ್ದ. ಒಮ್ಮೆ ಒಂದೇ ದಿನದ ಎರಡು ಮದುವೆ ಕಾರ್ಡುಗಳನ್ನು ಅಂಗೈಯಲ್ಲಿ ತೂಗಿ, ಹಗುರವಾಗಿದ್ದ ಕಾರ್ಡಿನವರ ಮದುವೆಗೆ ಹೋಗದೆ ಉಳಿದಿದ್ದ. ಆ ಮನೆಯ ಊಟ ಭಾಳ ಚೆನ್ನಾಗಿತ್ತೆಂದು ಆಮೇಲೆ ಕೇಳಿಬಂದರೂ ಸಿದ್ಧಾಂತ ಸಡಿಲಾಗಲಿಲ್ಲ.

ಹೀಗಾಗಿ ಅಮೀರ್‌ಪೇಟೆಯ ಲ್ಯಾಪ್‌ಟಾಪ್ ಅಂಗಡಿಯಲ್ಲಿ, ಭಾನುವಾರದ ಗಿರಾಕಿಗಳ ನಡುವೆ, ಅಪ್ಪ ಎರಡು ಕೈಯಲ್ಲಿ ಎರಡು ಲ್ಯಾಪ್‌ಟಾಪ್ ಹಿಡಿದು ತಕ್ಕಡಿಯ ಹಾಗೆ ನಿಂತಾಗ ಭಾಗ್ಯಶ್ರೀಗೆ ಆಶ್ಚರ್ಯವಾಗಲಿಲ್ಲ. ಅವಳಿಗೆ ಇದ್ದದ್ದು ಬರೀ ಕುತೂಹಲ, ಅದರ ಅಡಿಯಲ್ಲಿ ಸ್ವಲ್ಪ ಭಯ. ಎಡಗೈಯಲ್ಲಿದ್ದದ್ದು ತೆಳ್ಳಗೆ ಬೆಳ್ಳಗೆ, ಹಪ್ಪಳದ ಹಾಗಿತ್ತು. ಬಲಗೈಯಲ್ಲಿದ್ದದ್ದು ಕರ್ರಗೆ ದಪ್ಪಗೆ, ಕೀಲಿಗಳ ಅಡಿಯಿಂದ ಕೆಂಪು ಬೆಳಕು ಉಗುಳುವ ಗೇಮಿಂಗ್ ಲ್ಯಾಪ್‌ಟಾಪು. ಬೇಕಾದದ್ದು ಕರಿಯದು. ಅದು ಯಾಕೆ ಬೇಕೆಂಬುದನ್ನು ಅವಳು ಅಪ್ಪನಿಗೆ ಹೇಳಿರಲಿಲ್ಲ.

ಅವಳು ಮಾದಾಪುರದ ಕಂಪನಿಯೊಂದರಲ್ಲಿ ಬ್ಯಾಂಕಿನ ಸಾಫ್ಟ್‌ವೇರಿನ ತಪ್ಪು ಹುಡುಕುವ ಕೆಲಸದಲ್ಲಿದ್ದಳು. ಕಾಶಿನಾಥ ಅದನ್ನು ಗಿರಾಕಿಗಳಿಗೆ ಹೇಳುವಾಗ ಇಡೀ ಬ್ಯಾಂಕೇ ಮಗಳ ಕೈಯಲ್ಲಿದೆ ಎಂಬಂತೆ ಕೇಳಿಸುತ್ತಿತ್ತು. ಸಂಜೆ ಹೊತ್ತು ಅವಳು ಕಲಿತದ್ದು ಬೇರೆ ವಿದ್ಯೆ. ಕಂಪ್ಯೂಟರ್ ಆಟಗಳಲ್ಲಿ ಬರುವ ಹೊಗೆ, ಕಿಡಿ, ಧೂಳು, ಇವನ್ನು ಹುಟ್ಟಿಸುವುದು. ಮೆಟ್ರೊ ಹೈಟೆಕ್ ಸಿಟಿಯವರೆಗೆ ಬಂದ ಆ ವರ್ಷವೇ ಕೊಂಡಾಪುರದ ಒಂದು ಸಣ್ಣ ಗೇಮ್ ಸ್ಟುಡಿಯೊ ಅವಳ ಹೊಗೆಯನ್ನು ಮೆಚ್ಚಿ ಕೆಲಸಕ್ಕೆ ಕರೆದಿತ್ತು. ಷರತ್ತು ಒಂದೇ: ಪ್ರೊಬೇಷನ್ ಮುಗಿಯುವ ತನಕ ಆ ಕೆಲಸ ಎಳೆಯಬಲ್ಲ ಲ್ಯಾಪ್‌ಟಾಪನ್ನು ತಾನೇ ತರಬೇಕು. ಸೇರಬೇಕಾದದ್ದು ನಾಳೆ, ಸೋಮವಾರ. ಮಾದಾಪುರಕ್ಕೆ ಅವಳು ಆಗಲೇ ರಾಜೀನಾಮೆ ಕೊಟ್ಟಾಗಿತ್ತು.

ಮನೆಯಲ್ಲಿ ಮಾತ್ರ, ಕಂಪನಿ ಬದಲಾಯಿತು, ಕೆಲಸ ಅದೇ, ಎಂದು ಹೇಳಿ ಮುಗಿಸಿದ್ದಳು. ನಿಜ ಗೊತ್ತಿದ್ದದ್ದು ಅವ್ವ ಉಮಾಬಾಯಿಗೆ. ಅವಳು, ನಿಮ್ಮಪ್ಪಗ ನೀನ ಹೇಳು, ನಾನು ನಡುವ ಬರಂಗಿಲ್ಲ, ಎಂದು ಕೈತೊಳೆದುಕೊಂಡಿದ್ದಳು.

ಮುಚ್ಚಿಡಲು ಕಾರಣ ಹನುಮಂತ. ಹನುಮಂತ ಅಂಗಡಿಯ ಹಳೆಯ ವೈಂಡರ್, ಮೀಸೆ ಹಣ್ಣಾದ ಮನುಷ್ಯ. ಒಂದು ಸಲ ಮೊಬೈಲಿನಲ್ಲಿ ಗೇಮ್ ಆಡುತ್ತ ಕಾಯಿಲ್ ಸುತ್ತಿ, ಸುತ್ತಿನ ಲೆಕ್ಕ ತಪ್ಪಿ, ಒಬ್ಬ ಗಿರಾಕಿಯ ಮೋಟರ್ ಸುಟ್ಟಿದ್ದ. ಅಂದಿನಿಂದ ಆ ಅಂಗಡಿಯಲ್ಲಿ ಬೈಗುಳಕ್ಕೆ ಅಡ್ಡಿಯಿಲ್ಲ, 'ಗೇಮ್' ಎಂಬ ಮಾತಿಗೆ ಮಾತ್ರ ಪ್ರವೇಶವಿಲ್ಲ.

ಲ್ಯಾಪ್‌ಟಾಪನ್ನು ಅವಳೇ ಕೊಳ್ಳಬಹುದಿತ್ತು. ಆದರೆ ಕಾಶಿನಾಥನದೊಂದು ಪದ್ಧತಿ ಇತ್ತು. ತನ್ನಲ್ಲಿ ಕಲಿತು ಬೇರೆ ಕಡೆ ಕೆಲಸಕ್ಕೆ ಹೊರಟವರಿಗೆಲ್ಲ ತಂತಿ ಹಿಡಿದು ಕತ್ತರಿಸುವ ಇಕ್ಕಳವನ್ನು, ಅಂದರೆ ಮೊದಲ ಪಕ್ಕಡವನ್ನು, ಅವನೇ ಕೊಡಿಸುತ್ತಿದ್ದ, ಅದೂ ಅಂಗಡಿಗೆ ಕರೆದೊಯ್ದು, ಎತ್ತಿ ನೋಡಿ. ಹೊಸ ಕೆಲಸಕ್ಕೆ ಮಗಳಿಗೆ ಲ್ಯಾಪ್‌ಟಾಪೇ ಪಕ್ಕಡವೆಂದು ಗೊತ್ತಾದ ದಿನ ಅವನು, ನಾ ಬರ್ತೀನಿ, ಎಂದ. ಆ ಮಾತಿಗೆ ಎದುರಾಡಿದವರು ಅವನ ಹುಟ್ಟೂರು ಲಿಂಗಸೂಗೂರಿನಿಂದ ಸನತ್‌ನಗರದ ತನಕ ಯಾರೂ ಇರಲಿಲ್ಲ.

ಅಂಗಡಿಯ ಸೇಲ್ಸ್‌ಮನ್ ರಾಮದಾಸ, ಸೆಕೆಯಲ್ಲೂ ಟೈ ಕಟ್ಟಿದ್ದ ನಡುವಯಸ್ಸಿನವನು, ಕಾಶಿನಾಥನೊಡನೆ ತೆಲುಗಿನಲ್ಲೂ ಭಾಗ್ಯಶ್ರೀಯೊಡನೆ ಇಂಗ್ಲಿಷಿನಲ್ಲೂ ತನ್ನೊಡನೆ ತಾನೇ ಹಿಂದಿಯಲ್ಲೂ ಮಾತಾಡುತ್ತಿದ್ದ. ಗೇಮಿಂಗಿಗಾ ಮೇಡಂ, ಎಂದು ಅವನು ಮೊದಲಿಗೇ ಕೇಳಿದ್ದಕ್ಕೆ ಅವಳು ಇಲ್ಲ ಎಂದು ಅಪ್ಪನ ಮುಖ ನೋಡಿದ್ದಳು. ಹಾಗಾದರೆ ಇದು, ಎಂದು ಅವನು ಬಿಳಿಯದನ್ನು ಮುಂದೆ ತಳ್ಳಿದ್ದ.

ಕಾಶಿನಾಥ ಬೆಲೆ ವಿಚಾರಿಸಿದ. ಹಗುರವಾದದ್ದಕ್ಕೇ ಬೆಲೆ ಹೆಚ್ಚು ಎಂದು ತಿಳಿದಾಗ, ಚೀಟಿ ಅದಲುಬದಲಾಗಿದೆಯೆಂದು ರಾಮದಾಸನಿಗೆ ಮೆಲ್ಲಗೆ ತಿಳಿಸಿದ, ಅವನ ಕೆಲಸಕ್ಕೆ ಕುತ್ತು ಬರಬಾರದೆಂಬ ಕಾಳಜಿಯಿಂದ. ರಾಮದಾಸ ನಕ್ಕು, ಭಾರ ಕಡಿಮೆ ಮಾಡುವುದೇ ಕಷ್ಟದ ಕೆಲಸ ಸಾರ್, ಅದಕ್ಕೇ ದುಡ್ಡು, ಎಂದ.

"ತಗದು ಒಗದದ್ದಕ್ಕೂ ರೊಕ್ಕನಾ?" ಎಂದು ಕಾಶಿನಾಥ ಮಗಳನ್ನು ಕನ್ನಡದಲ್ಲಿ ಕೇಳಿದ. ಅವನ ಮುಖದಲ್ಲಿ ಸಿಟ್ಟಿರಲಿಲ್ಲ. ಹೊಸ ತರಹದ ಮೋಟರ್ ಬಿಚ್ಚಿದಾಗ ಬರುವ ಕಳೆ ಇತ್ತು. ಬಿಳಿಯದನ್ನು ಗೆಣ್ಣಿನಿಂದ ತಟ್ಟಿದ, ಕಿವಿಗಿಟ್ಟುಕೊಂಡ, ಮೈ ಯಾವ ಲೋಹದ್ದು ಎಂದು ಕೇಳಿದ. ರಾಮದಾಸ ಎದೆಯುಬ್ಬಿಸಿ, ಪೂರಾ ಅಲ್ಯೂಮಿನಿಯಂ ಸಾರ್, ಎಂದ.

ಕಾಶಿನಾಥ ಅದನ್ನು ಮೇಜಿನ ಮೇಲಿಟ್ಟ ರೀತಿ ನೋಡಿ ಭಾಗ್ಯಶ್ರೀ ತುಟಿ ಕಚ್ಚಿಕೊಂಡಳು. ಮುಂದಿನ ಪ್ರಶ್ನೆ ಕರಿಯದರ ಬಗ್ಗೆ. ಇದರೊಳಗೆ ತಾಮ್ರ ಇದೆಯೇ? ಇದೆ, ಬಿಸಿ ಹೊರಹಾಕಲು ಒಳಗೆಲ್ಲ ತಾಮ್ರದ ಕೊಳವೆಗಳೇ, ಎಂದ ರಾಮದಾಸ, ಇವರಿಗೆ ಏನು ಬೇಕೆಂದು ತಿಳಿಯದೆ ಗೊಂದಲಗೊಂಡು. ಕಾಶಿನಾಥ ಕರಿಯದನ್ನು ಮತ್ತೊಮ್ಮೆ ಎತ್ತಿ, ಹಳೆಯ ಗೆಳೆಯನ ಕೈ ಕುಲುಕಿದವನ ಹಾಗೆ ತಲೆದೂಗಿದ.

ಭಾಗ್ಯಶ್ರೀಗೆ ಜೀವ ಬಂತು. ಸುಳ್ಳನ್ನು ಸುಳ್ಳಾಗಿಯೇ ಬಿಟ್ಟು, ಅಪ್ಪನ ಸಿದ್ಧಾಂತದ ಹೆಗಲ ಮೇಲೆ ಕರಿಯ ಲ್ಯಾಪ್‌ಟಾಪು ಮನೆಗೆ ಬರುವುದಾದರೆ ಯಾರಿಗೇನು ನಷ್ಟ? ಅವಳು ಮನಸ್ಸಿನಲ್ಲೇ ಅದನ್ನು ಬ್ಯಾಗಿಗೆ ಹಾಕಿಕೊಳ್ಳುತ್ತಿರುವಾಗ ಕಾಶಿನಾಥ ತಿರುಗಿ, ತನ್ನ ಅಂಗಡಿಗೆ ಬಂದ ಪ್ರತಿ ಗಿರಾಕಿಗೂ ಹಾಕುವ ಪ್ರಶ್ನೆ ಹಾಕಿದ.

"ಲೋಡ್ ಏನು?"

"ಲೋಡಾ?"

"ಇದರ ಮ್ಯಾಲೆ ಏನ್ ಕೆಲಸ ಮಾಡಾಕಿ ನೀ?"

ಮೇಲ್ ಬರೆಯುವುದು, ಎಕ್ಸೆಲ್ ಹಾಳೆ ತುಂಬುವುದು, ಬ್ಯಾಂಕಿನದೇ ಕೆಲಸ ಎಂದು ಅವಳ ಬಾಯಿ ತಾನಾಗಿಯೇ ಹೇಳಿತು. ಎಷ್ಟೋ ದಿನದಿಂದ ಅದಕ್ಕೆ ಅದೇ ಅಭ್ಯಾಸವಾಗಿತ್ತು.

ಕಾಶಿನಾಥ ಕರಿಯದನ್ನು ಕೆಳಗಿಟ್ಟ. ಅವನಲ್ಲಿ ತೂಕದ ಸಿದ್ಧಾಂತಕ್ಕಿಂತ ಮೇಲಿನದೊಂದು ಸಿದ್ಧಾಂತವಿತ್ತು: ಲೋಡ್ ಇದ್ದಷ್ಟು ಮೋಟರ್. ಹೊಲಿಗೆ ಮಷೀನಿಗೆ ಹಿಟ್ಟಿನ ಗಿರಣಿಯ ಮೋಟರ್ ಕೂಡಿಸುವವನು ಅವನಲ್ಲ. ಕರಿಯದನ್ನು ನೋಡಿದ, ಬಿಳಿಯದನ್ನು ನೋಡಿದ, ಮಗಳ ಹೆಗಲು ನೋಡಿದ. ದಿನಾ ಶೇರ್ ಆಟೊ, ಮೆಟ್ರೊ ಮೆಟ್ಟಿಲು, ಆ ಕಡೆ ಮತ್ತೆ ಆಟೊ. ಜೀವಮಾನದಲ್ಲಿ ಮೊದಲ ಸಲ ತಾಮ್ರವನ್ನು ಬದಿಗೆ ಸರಿಸಿ, ಅಲ್ಯೂಮಿನಿಯಂ ಮೇಲೆ ಕೈಯಿಟ್ಟ.

"ಇದ ಇರಲಿ. ತುಟ್ಟಿಯಾದ್ರ ಆಗಲಿ. ನಿನ್ನ ಹೆಗಲಿಗೆ ಹಗುರ ಆಗ್ತೈತಿ."

ರಾಮದಾಸ ಬಿಲ್ ಮಾಡಲು ಕುಳಿತ. ಕಂಪ್ಯೂಟರ್ ನಿಧಾನವಾಗಿತ್ತು. ಸಿದ್ಧಾಂತವನ್ನು ಗೆದ್ದ ಉತ್ಸಾಹದಲ್ಲಿ ಕಾಶಿನಾಥ ಅವನಿಗೆ ಬೋರಬಂಡಾದ ಅಮರೇಶಪ್ಪನ ಕಥೆ ತೆಗೆದ. ಅಮರೇಶಪ್ಪ ಗಿರಣಿಯವನು, ಊರ ಕಡೆಯವನೇ. ಮೋಟರ್ ಸುತ್ತಿಸಲು ಬಂದಾಗ ಬರೀ ಗೋಧಿ ಬೀಸುತ್ತೇನೆಂದ. ಕಾಶಿನಾಥ ಗೋಧಿಗೆ ತಕ್ಕಂತೆ ಸುತ್ತಿಕೊಟ್ಟ. ಆ ಪುಣ್ಯಾತ್ಮ ಹೋಗಿ ಕಲ್ಲಿನಂಥ ಅರಿಷಿಣದ ಕೊಂಬು ಹಾಕಿದ. ಮೋಟರ್ ಸುಟ್ಟಿತು, ಬೈಗುಳ ಕಾಶಿನಾಥನಿಗೆ. ಚೌಕಾಸಿ ಮಾಡುವ ಗಿರಾಕಿ ಬೇಕು, ತಡವಾಗಿ ಬರುವವನೂ ಬೇಕು, ಆದರೆ ಲೋಡ್ ತಪ್ಪು ಹೇಳುವವನು ಬೇಡ, ಎಂದ. ಅವನ ಮೋಟರೂ ಹೋಗುತ್ತದೆ, ನನ್ನ ಹೆಸರೂ ಹೋಗುತ್ತದೆ.

ರಾಮದಾಸನಿಗೆ ಇದರಲ್ಲಿ ಎಷ್ಟು ತಿಳಿಯಿತೋ, ಅಂತೂ ಅವನು ಹೌದು ಸಾರ್ ಎಂದ. ಭಾಗ್ಯಶ್ರೀಗೆ ಪೂರ್ತಿ ತಿಳಿಯಿತು. ನಾಳೆ ಕೊಂಡಾಪುರದಲ್ಲಿ ಆ ಬಿಳಿಯ ಹಪ್ಪಳ ತೆರೆದು ಕುಳಿತರೆ, ಹೊಗೆ ಏಳುವ ಮೊದಲೇ ಅದು ನಿಂತುಹೋಗುತ್ತದೆ. ಅಪ್ಪ ತಾಮ್ರ ಬಿಟ್ಟು ಆರಿಸಿದ ಮೊದಲ ಸಾಮಾನು ಕೆಲಸಕ್ಕೆ ಬಾರದ್ದಾಗುತ್ತದೆ, ಅದೂ ಅವನ ತಪ್ಪಿಲ್ಲದೆ.

"ಬಿಲ್ ಮಾಡಬ್ಯಾಡ್ರಿ," ಎಂದಳು, ಕನ್ನಡದಲ್ಲೇ, ರಾಮದಾಸನಿಗೆ. ಅವನಿಗೂ ಅರ್ಥವಾಯಿತು. "ಅಪ್ಪಾ, ನಾ ಲೋಡ್ ತಪ್ಪು ಹೇಳೀನಿ."

ಕಾಶಿನಾಥ ಕಾದ. ಗಿರಾಕಿಗಳ ವಿಷಯದಲ್ಲಿ ಅವನಿಗೆ ಅದು ರೂಢಿ.

"ಬ್ಯಾಂಕಿನ ಕೆಲಸ ಬಿಟ್ಟೀನಿ. ಹೊಸ ಕಂಪನಿ ಗೇಮಿಂದು."

ಆ ಮಾತು ಮೇಜಿನ ಮೇಲೆ ಎರಡು ಲ್ಯಾಪ್‌ಟಾಪುಗಳ ನಡುವೆ ಬಿದ್ದುಕೊಂಡಿತು. ಕಾಶಿನಾಥ ಅದನ್ನು ಎತ್ತಿ ತೂಗುತ್ತಿರುವಂತೆ ಕಂಡಿತು.

"ಆಡೋದೋ, ಮಾಡೋದೋ?" ಎಂದು ಕೊನೆಗೆ ಕೇಳಿದ.

"ಮಾಡೋದು."

"ಅದರಾಗ ನಿಂದೇನು?"

"ಹೊಗಿ. ಹೊಗಿ, ಕಿಡಿ, ಧೂಳು. ನಾ ಹೊಗಿ ಮಾಡ್ತೀನಿ."

ಕಾಶಿನಾಥ ಬಿಲ್ಲಿಗಾಗಿ ತೆಗೆದ ಕಾರ್ಡನ್ನು ಜೇಬಿಗೆ ಹಾಕಿಕೊಂಡ. "ಹೊಗಿ ಬರಬಾರದಂತ ನಾ ಜನ್ಮ ಪೂರ್ತಿ ದುಡದೀನಿ," ಎಂದ. "ನಿನಗ ಹೊಗಿ ಬರಸಾಕ ಪಗಾರ ಕೊಡ್ತಾರ?"

"ಕೊಡ್ತಾರ."

"ಹೆಂಗ?"

ಬೈಗುಳಕ್ಕೆ ಸಿದ್ಧಳಾಗಿದ್ದವಳಿಗೆ ಈ 'ಹೆಂಗ' ಎದುರಾಯಿತು. ಅದು ಬಿಚ್ಚಿ ನೋಡುವವನ 'ಹೆಂಗ' ಎಂದು ಅವಳಿಗೆ ಒಂದು ಕ್ಷಣ ತಡವಾಗಿ ಹೊಳೆಯಿತು. ಸ್ಟುಡಿಯೊದವರಿಗೆ ತೋರಿಸಿದ್ದ ಪುಟ್ಟ ದೃಶ್ಯ ಬ್ಯಾಗಿನ ಪೆನ್ ಡ್ರೈವಿನಲ್ಲಿತ್ತು. ರಾಮದಾಸ ವೈರಸ್ಸಿನ ಮಾತೆತ್ತಿದ. ಕಾಶಿನಾಥ ಅವನ ಹೆಗಲ ಮೇಲೆ ಕೈಯಿಟ್ಟು, ನಮ್ಮ ಮನೆಯದರಲ್ಲಿ ಅಂಥದ್ದೇನೂ ಇರುವುದಿಲ್ಲ ಎಂದು ಭರವಸೆ ಕೊಟ್ಟ.

ಮೊದಲು ಬಿಳಿಯದಕ್ಕೆ ಹಾಕಿದಳು. ತಗಡಿನ ಸೂರು, ಒಂದು ಮೇಜು, ಅದರ ಮೇಲೆ ಒಂದು ಮೋಟರು. ಮೋಟರಿನ ಬಾಯಲ್ಲಿ ಹೊಗೆ ಕಾಣಿಸಿತು, ನಿಂತಿತು, ಒಂದು ಮೊಳ ಏರಿತು, ಮತ್ತೆ ನಿಂತಿತು, ಮಂಡಿನೋವಿನ ಮುದುಕ ಮೆಟ್ರೊ ಮೆಟ್ಟಿಲು ಹತ್ತಿದ ಹಾಗೆ. ಕಾಶಿನಾಥ ಬಗ್ಗಿ ಕಿವಿಗೊಟ್ಟು, ಓವರ್‌ಲೋಡ್, ಎಂದ.

ಆಮೇಲೆ ಕರಿಯದಕ್ಕೆ. ಒಳಗಿನ ಫ್ಯಾನುಗಳು ಗುಯ್ ಎಂದವು. ಹೊಗೆ ಎದ್ದಿತು. ಮೊದಲು ಎಳೆಯಾಗಿ, ನಂತರ ಹೊರಳಿ ಹೊರಳಿ, ಸೂರಿಗೆ ತಾಗಿ, ಮೇಲೆ ಜಾಗವಿಲ್ಲದೆ ಎಡಗಡೆಯ ಬಾಗಿಲ ಕಡೆಗೆ ವಾಲಿ ನುಸುಳಿಕೊಂಡು ಹೋಗತೊಡಗಿತು. ಪಕ್ಕದ ಗಿರಾಕಿಯೊಬ್ಬ ಇಣುಕಿದ. ಕಾಶಿನಾಥ ಮೂಗನ್ನು ಸ್ಕ್ರೀನಿಗೆ ತಾಗಿಸುವಷ್ಟು ಹತ್ತಿರ ಹೋಗಿದ್ದ.

"ಎಡಕ್ಕ ಯಾಕ ಹೊಂಟೈತಿ?"

"ಗಾಳಿ ಹಂಗ ಇಟ್ಟೀನಿ."

"ಯಾಕ?"

ಹೊಗೆ ಎಂದರೆ ಹಾಗೆಯೇ ಹೋಗುತ್ತದೆ ಎಂದುಕೊಂಡಿದ್ದಳು. ಸಣ್ಣವಳಿದ್ದಾಗ ಶಾಲೆ ಬಿಟ್ಟ ಮೇಲೆ ಅಂಗಡಿಯ ಸ್ಟೂಲಿನ ಮೇಲೆ ಕೂತು ನೋಡಿದ ಹೊಗೆಯೆಲ್ಲ ಹಾಗೆಯೇ ಹೋಗಿತ್ತು.

"ಬಾಜೂಕ ಲೇಥ್ ಅಂಗಡಿಯವನ ಎಕ್ಸಾಸ್ಟ್ ಫ್ಯಾನ್ ಎಳೀತೈತಿ," ಎಂದ ಕಾಶಿನಾಥ ಮೆಲ್ಲಗೆ. "ಇದು ನಮ್ಮ ಅಂಗಡಿ ಹೊಗಿ."

ಅವನು ಇನ್ನೊಮ್ಮೆ ಸುಡು ಎಂದ. ಅವಳು ಸುಟ್ಟಳು. ಸ್ಪೇಸ್ ಬಾರ್ ಒತ್ತಿದರೆ ಸ್ವಿಚ್ ಆಫ್ ಆಗುತ್ತದೆಂದು ತಿಳಿದ ಮೇಲೆ, ತಾನೇ ಒತ್ತುತ್ತೇನೆಂದ. ಮೊದಲ ಸಲ ತಡವಾಯಿತು, ಮೋಟರ್ ಹೋಯಿತು. ಎರಡನೆಯ ಸಲವೂ ಹೋಯಿತು. ಆಮೇಲೆ ಎಷ್ಟು ಸಲ ಎಂಬುದನ್ನು ಹನುಮಂತನ ಗೌರವಕ್ಕಾಗಿ ಇಲ್ಲಿ ಹೇಳದಿರುವುದು ಒಳ್ಳೆಯದು.

ಬಿಲ್ ಕರಿಯದಕ್ಕಾಯಿತು. ಹೆಗಲಿನ ಮಾತು ಮತ್ತೆ ಬಂದಾಗ ಭಾಗ್ಯಶ್ರೀ, ಲೋಡ್ ಇದ್ದಷ್ಟು ಮೋಟರ್ ಅಂದವ ನೀನ, ಎಂದಳು. ಕಾಶಿನಾಥನಿಗೆ ತನ್ನ ಮಾತೇ ತಿರುಗಿ ಬಂದದ್ದು ಸೇರಿತು. ಅಷ್ಟರಲ್ಲಿ ರಾಮದಾಸ ಕೌಂಟರಿನ ಕೆಳಗಿನಿಂದ ಸ್ವಲ್ಪ ಸಂಕೋಚದಿಂದ ಚಾರ್ಜರನ್ನು ತೆಗೆದಿಟ್ಟ. ಅದು ಇಟ್ಟಿಗೆಯಷ್ಟಿತ್ತು. ಗಿರಾಕಿಗಳಿಗೆ ಅದನ್ನು ಮೊದಲೇ ತೋರಿಸಿದರೆ ಮನಸ್ಸು ಬದಲಾಯಿಸುತ್ತಾರೆಂಬುದು ಅವನ ಅನುಭವ. ಕಾಶಿನಾಥ ಅದನ್ನು ಅಂಗೈಯಲ್ಲಿ ಎತ್ತಿ ನೋಡಿದ, ಮುಖ ಅರಳಿತು.

"ಇದನ್ನ ಮೊದಲ ತೋರಸಬೇಕಿತ್ತಲ್ಲರಿ," ಎಂದ, ಅವಸರದಲ್ಲಿ ತೆಲುಗು ಮರೆತು.

ಮೆಟ್ರೊದಲ್ಲಿ ಬ್ಯಾಗು ಭಾಗ್ಯಶ್ರೀಯ ಹೆಗಲ ಮೇಲಿತ್ತು. ಪಟ್ಟಿ ಆಗಲೇ ಒತ್ತುತ್ತಿತ್ತು. ಚಾರ್ಜರನ್ನು ಕಾಶಿನಾಥ ಬ್ಯಾಗಿಗೆ ಹಾಕಲು ಬಿಡದೆ ತೊಡೆಯ ಮೇಲಿಟ್ಟುಕೊಂಡಿದ್ದ. ಮೊದಲೇ ಹೇಳಬೇಕಿತ್ತು ಎಂದು ಅವನು ಅನ್ನಬಹುದೆಂದು ಅವಳು ಪ್ರತಿ ಸ್ಟೇಷನ್ನಿನಲ್ಲೂ ಕಾದಳು. ಎರ್ರಗಡ್ಡ ಬರುವ ಹೊತ್ತಿಗೆ ಅವನ ಫೋನ್ ರಿಂಗಾಯಿತು. ಬೋರಬಂಡಾದ ಅಮರೇಶಪ್ಪ. ಗಿರಣಿ ಮತ್ತೆ ನಿಂತಿತ್ತು. ಗೋಧಿಯನ್ನೇ ಹಾಕಿದ್ದೆ ಎಂದು ಅವನು ಆಣೆ ಮಾಡುತ್ತಿದ್ದದ್ದು ಪಕ್ಕದ ಸೀಟಿಗೂ ಕೇಳುತ್ತಿತ್ತು.

ಬೈಯಲೆಂದು ಕಾಶಿನಾಥ ಬಾಯಿ ತೆರೆದ. ಆದರೆ ಕೇಳಿದ್ದು ಬೇರೆ.

"ಹೊಗಿ ಹೆಂಗ ಬರಾಕತ್ತೈತ್ರಿ? ದಪ್ಪಗೋ, ತೆಳ್ಳಗೋ? ಸ್ವಿಚ್ ಬಂದ್ ಮಾಡ್ರಿ ಮೊದಲ. ಆದ್ರ ಬಾಗಲಾ ತಗೀಬ್ಯಾಡ್ರಿ, ಹೊಗಿ ಹಂಗ ಇರಲಿ. ನಾ ಬಂದೆ."

ಫೋನಿಗೆ ಅಂಗೈ ಮುಚ್ಚಿ ಮಗಳ ಕಡೆ ತಿರುಗಿದ.

"ಎಂದಾರ ಅರಿಷಿಣದ ಹೊಗಿ ನೋಡಿಯೇನು? ಬರ್ತಿ?"